‘ವೆಬ್‌ಸೈಟ್ ಥಳಕಾಗಿದೆ, ಒಳಗೇನೂ ಇಲ್ಲ’ ಅಂದವರಿಗೆ ಏನು ಹೇಳೋದು?

ಅಹಮದಾಬಾದ್, ವಡೋದರಾ, ಸೂರತ್ ಕಡೆ ಸ್ವಂತ ಆಫೀಸು, ಅಂಗಡಿ ನಡೆಸ್ತಿರೋ ಕನ್ನಡಿಗರಿಗೆ ಈ ಮಾತು ಚೆನ್ನಾಗಿ ಗೊತ್ತಿರುತ್ತೆ. ದುಡ್ಡು ಹಾಕಿ ವೆಬ್‌ಸೈಟ್ ಮಾಡಿಸ್ತೀವಿ. ಯಾರೋ ಒಬ್ಬರು ನೋಡಿ, ‘ಮೇಲೆ ಥಳಕು, ಒಳಗೆ ಹುಳುಕು’ ಅಂದುಬಿಡ್ತಾರೆ. ಆಗ ನಾವು ಡಿಸೈನರ್‌ಗೆ ಫೋನ್ ಮಾಡಿ ಬಣ್ಣ ಬದಲಾಯಿಸ್ತೀವಿ, ಇಲ್ಲಾಂದ್ರೆ ‘ಹೊಟ್ಟೆಕಿಚ್ಚು’ ಅಂತ ಸುಮ್ಮನಾಗ್ತೀವಿ. ಎರಡೂ ಉತ್ತರ ಅಲ್ಲ.

ಅಹಮದಾಬಾದಿನದ್ದೇ ಒಂದು ಉದಾಹರಣೆ ನೋಡೋಣ. 1961ರಲ್ಲಿ ಶುರುವಾದ ಐಐಎಂ ಅಹಮದಾಬಾದ್‌ನ ಲೋಗೋ ಅನೇಕರಿಗೆ ಪರಿಚಿತ. ಊರಿನ ಸಿದಿ ಸಯ್ಯದ್ ಮಸೀದಿಯ ಕಲ್ಲಿನ ಜಾಲಿಯಲ್ಲಿ ಕೆತ್ತಿರೋ ಮರವೇ ಅದಕ್ಕೆ ಮೂಲ. ಜೊತೆಗೆ ‘ವಿದ್ಯಾವಿನಿಯೋಗಾದ್ವಿಕಾಸಃ’ ಅನ್ನೋ ಸಂಸ್ಕೃತ ವಾಕ್ಯ, ಅಂದರೆ ವಿದ್ಯೆಯನ್ನು ಬಳಸಿದಾಗ ಬೆಳವಣಿಗೆ. 2022ರ ಮಾರ್ಚ್‌ನಲ್ಲಿ ಈ ಲೋಗೋ ಬದಲಾಗುತ್ತೆ ಅನ್ನೋ ಸುದ್ದಿ ಬಂತು. 45 ಅಧ್ಯಾಪಕರು ಆಡಳಿತ ಮಂಡಳಿಗೆ ಪತ್ರ ಬರೆದು ಆಕ್ಷೇಪಿಸಿದರು. ನಮ್ಮನ್ನು ಕೇಳಲಿಲ್ಲ, ಇದರಿಂದ ಸಂಸ್ಥೆಯ ಗುರುತೇ ಹೋಗುತ್ತೆ ಅನ್ನೋದು ಅವರ ದೂರು.

ಸಂಸ್ಥೆ ಕೊಟ್ಟ ವಿವರಣೆ ಏನು? ವೆಬ್‌ಸೈಟ್ ಹೊಸದಾಗ್ತಿದೆ, ಡಿಜಿಟಲ್ ಪರದೆ ಮೇಲೆ ಚೆನ್ನಾಗಿ ಕಾಣೋ ಹಾಗೆ ಬಣ್ಣ, ಅಕ್ಷರ, ಅಕ್ಷರಗಳ ನಡುವಿನ ಅಂತರ ಸರಿಮಾಡ್ತಿದ್ದೇವೆ, ಸಂಸ್ಕೃತ ವಾಕ್ಯ ಉಳಿಯುತ್ತೆ ಅಂತ.

ಇಲ್ಲೇ ಸೂಕ್ಷ್ಮ ಇರೋದು. ಪರದೆಯ ವಿಚಾರ ನ್ಯಾಯವಾದದ್ದೇ. ಕಾಗದಕ್ಕಂತ ಬರೆದ ಸಣ್ಣ ಗೆರೆಗಳು ಫೋನಿನಲ್ಲಿ ಮಸುಕಾಗ್ತವೆ. ವಾಕ್ಯ ಉಳಿಯುತ್ತೆ ಅನ್ನೋ ಮಾತೂ ಹುರುಳಿನ ಉತ್ತರವೇ. ಆದರೆ ‘ನಮ್ಮನ್ನು ಯಾಕೆ ಕೇಳಲಿಲ್ಲ?’ ಅನ್ನೋ ಪ್ರಶ್ನೆಗೆ ಅಕ್ಷರದ ಅಂತರ ಉತ್ತರ ಆಗಲ್ಲ. ಇನ್ನೊಂದು ಮಾತು, ಅಲಂಕಾರ ಅಂತ ನಾವು ಅಂದುಕೊಂಡಿದ್ದು ಇನ್ನೊಬ್ಬರಿಗೆ ಹುರುಳೇ ಆಗಿರಬಹುದು. ಆ ಜಾಲಿ ಅಧ್ಯಾಪಕರಿಗೆ ಬರೀ ಚಿತ್ರ ಆಗಿರಲಿಲ್ಲ.

ಹಾಗಾದ್ರೆ ನಾವೇನು ಮಾಡ್ಬೇಕು? ಮೊದಲು ಟೀಕೆಯನ್ನ ಬಿಡಿಸಿ ನೋಡಿ. ‘ಓದೋಕಾಗ್ತಿಲ್ಲ’ ಅಂದ್ರೆ ಅಂದದ ದೂರು, ಡಿಸೈನರ್‌ಗೆ ಕೊಡಿ. ‘ಬೇಕಾದ್ದು ಸಿಗ್ತಿಲ್ಲ’ ಅಂದ್ರೆ ಅದು ನಿಮ್ಮ ಕೆಲಸ. ಸೂರತ್‌ನ ಸೀರೆ ವ್ಯಾಪಾರಿಯ ಸೈಟಿಗೆ ಹುಬ್ಬಳ್ಳಿಯ ಅಂಗಡಿಯವರು ಬಂದರೆ ಅವರಿಗೆ ಬೇಕಾದ್ದು ಬಟ್ಟೆ ಯಾವುದು, ಉದ್ದ ಎಷ್ಟು, ಬ್ಲೌಸ್ ಪೀಸ್ ಇದೆಯಾ, ಕನಿಷ್ಠ ಎಷ್ಟು ತಗೋಬೇಕು, ಡ್ಯಾಮೇಜ್ ಆದ್ರೆ ವಾಪಸ್ ತಗೋತಾರಾ. ಇವಿಲ್ಲದೆ ಮಾಡೆಲ್ ಫೋಟೋ ಮಾತ್ರ ಓಡ್ತಿದ್ರೆ ಟೀಕೆ ಸರಿಯೇ. ವಡೋದರಾದ ಎಂಜಿನಿಯರಿಂಗ್ ಸಲಹೆಗಾರರ ಸೈಟಿನಲ್ಲಿ ‘ವಿಶ್ವದರ್ಜೆಯ ಸೇವೆ’ ಅಂತಿದ್ದು, ಮಾಡಿದ ಒಂದು ಕೆಲಸದ ವಿವರವೂ ಇಲ್ಲಾಂದ್ರೂ ಅಷ್ಟೇ.

ಆಮೇಲೆ ಉತ್ತರ ಕೊಡಿ, ಎರಡೇ ಸಾಲು ಸಾಕು. ಒಪ್ಪೋದಾದ್ರೆ ಏನು, ಯಾವಾಗ ಸರಿಮಾಡ್ತೀರಿ ಅನ್ನಿ. ಒಪ್ಪದಿದ್ರೆ ಕಾರಣ ಹೇಳಿ. ‘ನಿಮ್ಮ ಸಲಹೆಗೆ ಧನ್ಯವಾದ’ ಅಂತ ಕಳಿಸಿ ಮರೆತರೆ ಅದೂ ಥಳಕೇ ಆಯ್ತು.

ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ವೃತ್ತಿ ಗೊತ್ತಿಲ್ಲದ ಒಬ್ಬರ ಕೈಗೆ ಫೋನ್ ಕೊಟ್ಟು ಸೈಟ್ ತೋರಿಸಿ, ‘ನಾನು ಏನು ಮಾಡ್ತೀನಿ ಅಂತ ತಿಳೀತಾ?’ ಅಂತ ಕೇಳಿ. ಅವರು ‘ಚೆನ್ನಾಗಿದೆ’ ಅಂತಷ್ಟೇ ಅಂದ್ರೆ ಕೆಲಸ ಇನ್ನೂ ಬಾಕಿ ಇದೆ ಅಂತ ಅರ್ಥ. ಮುಂದಿನ ಸಂಚಿಕೆಯಲ್ಲಿ ಸಿಗೋಣ.