ಅಲಮಾರದ ಬಾಗಿಲು: ಮರ ಹಿಗ್ಗುವುದಕ್ಕೂ ಜಾಗ ಬೇಕು

ಗಟ್ಟಿ ಮರದ ಅಲಮಾರದ ಬಾಗಿಲೆಂದರೆ ನಾಲ್ಕು ಪಟ್ಟಿಗಳ ಚೌಕಟ್ಟು, ಅದರೊಳಗೆ ಕೂರಿಸಿದ ಒಂದು ಹಲಗೆ. ಒಂದೇ ಅಗಲವಾದ ಹಲಗೆಗೆ ಬಿಜಾಗರಿ ಬಡಿದರೂ ಬಾಗಿಲಾಗುತ್ತದೆ, ಆದರೆ ಎರಡು ಬೇಸಿಗೆ ಕಳೆಯುವುದರೊಳಗೆ ಡೊಂಕಾಗುತ್ತದೆ, ಇಲ್ಲವೇ ಸೀಳುತ್ತದೆ.

ಮರ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಅಗಲಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಸೆಪ್ಟೆಂಬರ್ ಮಳೆಗೆ ಗಾಳಿಯೇ ಒದ್ದೆಯಾಗುತ್ತದೆ. ಈ ಎರಡರ ನಡುವೆ ಮರದ ತೇವ ಶೇ. 4ರಷ್ಟು ಏರುಪೇರಾದರೆ 300 ಮಿ.ಮೀ. ಅಗಲದ ತೇಗದ ಹಲಗೆ ಸುಮಾರು 2.5 ಮಿ.ಮೀ. ಹಿಗ್ಗುತ್ತದೆ. ತೇಗದ್ದೇ ಇಷ್ಟು, ಇನ್ನೂ ಹೆಚ್ಚು ಅಲುಗುವ ಮರಗಳು ಬೇಕಾದಷ್ಟಿವೆ.

ಬಾಗಿಲಿಗೆ ತೇಗವೇ ಮೊದಲ ಆಯ್ಕೆ. ಬೇವು ಊರಲ್ಲೇ ಸಿಗುತ್ತದೆ, ಹುಳುವೂ ಬೇಗ ಮುಟ್ಟದು. ಆದರೆ ಅದರ ಎಳೆ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಉಜ್ಜುಗೊರಡಿಗೆ ಅಲ್ಲಲ್ಲಿ ಕಿತ್ತು ಬರುತ್ತದೆ. ಅಲಗು ಚೆನ್ನಾಗಿ ಮಸೆದು ಕೂದಲಷ್ಟೇ ಹೊರಗಿಟ್ಟು ಕೀಸಬೇಕು. ಜಾಲಿ ಬಂಡಿಗೆ, ನೇಗಿಲಿಗೆ ಸರಿ; ಅಲಮಾರಕ್ಕೆ ವಿಪರೀತ ಭಾರ. ಯಾವ ಮರವಾದರೂ ಚೇಗಿನ ಭಾಗವನ್ನೇ ಆರಿಸಿ, ನೆರಳಿನಲ್ಲಿ ಸಂದು ಬಿಟ್ಟು ಒಟ್ಟಿ ಒಣಗಿಸಬೇಕು. ಅವಸರಕ್ಕೆ ಬಿಸಿಲಿಗಿಟ್ಟರೆ ತುದಿ ಬಿರಿಯುತ್ತದೆ.

ಸೀಳುವುದು, ದಪ್ಪ ಸಮ ಮಾಡುವುದು ಮಷೀನಿನ ಕೆಲಸ. ದಿನವಿಡೀ ತೋಳು ನೋಯಿಸಿಕೊಂಡು ಗರಗಸ ಎಳೆಯುವುದರಲ್ಲಿ ಹೆಚ್ಚುಗಾರಿಕೆಯೇನಿಲ್ಲ. 20 ಮಿ.ಮೀ. ದಪ್ಪ, 60 ಮಿ.ಮೀ. ಅಗಲದ ಪಟ್ಟಿಗಳು ಸಾಮಾನ್ಯ ಬಾಗಿಲಿಗೆ ಸಾಕು. ಒಳ ಅಂಚಿನುದ್ದಕ್ಕೂ ರೌಟರಿನಿಂದ 6 ಮಿ.ಮೀ. ಅಗಲ, 10 ಮಿ.ಮೀ. ಆಳದ ಗ್ರೂವ್ ಹೊಡೆಯಬೇಕು. ಒಂದೇ ಸಲಕ್ಕೆ ಅಷ್ಟು ಆಳ ಇಳಿಸದೆ ಮೂರು ನಾಲ್ಕು ಸಲ ಓಡಿಸಿದರೆ ಮರ ಸುಡದು, ಮಷೀನೂ ಕೈ ಮೀರದು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ತಪ್ಪಬಾರದು.

ಮೂಲೆಯ ಜೋಡಣೆಯಲ್ಲಿ ಉಳಿಗೇ ಹೆಚ್ಚು ಕೆಲಸ. ನಿಲುವುಪಟ್ಟಿಯಲ್ಲಿ ತೂತು, ಅಡ್ಡಪಟ್ಟಿಯ ತುದಿಯಲ್ಲಿ ಅದಕ್ಕೆ ಹೊಂದುವ ನಾಲಿಗೆ. ನಾಲಿಗೆಯ ದಪ್ಪ ಪಟ್ಟಿಯ ಮೂರನೇ ಒಂದು ಭಾಗ, ಉದ್ದ 35-40 ಮಿ.ಮೀ. ತೂತಿನ ಹೆಚ್ಚಿನ ಮರವನ್ನು ಡ್ರಿಲ್ ತೆಗೆಯಲಿ, ಗೋಡೆಗಳನ್ನು ಉಳಿ ನೇರ ಮಾಡಲಿ. ನಾಲಿಗೆ ಕೈಯಿಂದ ಒತ್ತಿದರೆ ಒಳಹೋಗಬೇಕು, ಮಗುಚಿದರೆ ಬೀಳಬಾರದು. ಸುತ್ತಿಗೆ ಬೇಡಿದರೆ ಇನ್ನೊಂದು ಪದರ ಕೀಸಬೇಕು.

ಹಲಗೆಯ ಅಂಚನ್ನು ಸುತ್ತಲೂ ತೆಳುಮಾಡಿ ಗ್ರೂವ್‌ನಲ್ಲಿ ಕೂರಿಸುವಾಗ ಎಷ್ಟು ಸಂದು ಬಿಡಬೇಕೆಂಬುದನ್ನು ಹೇಳುವುದು ಋತುಮಾನ. ಬಿರುಬೇಸಿಗೆಯಲ್ಲಿ ಮಾಡಿದರೆ ಹಲಗೆ ಕುಗ್ಗಿರುತ್ತದೆ, ಎರಡೂ ಪಕ್ಕ 3 ಮಿ.ಮೀ. ಬಿಡಬೇಕು, ಮಳೆಗಾಲದಲ್ಲಾದರೆ ಒಂದೊಂದು ಮಿ.ಮೀ. ಸಾಕು. ಫೆವಿಕಾಲ್ ಮೂಲೆಗಳಿಗೆ ಮಾತ್ರ, ಹಲಗೆಗೆ ಒಂದು ಹನಿಯೂ ತಾಗಬಾರದು. ಅಂಟಿಕೊಂಡ ಹಲಗೆ ಅಲುಗಲಾರದೆ ನಟ್ಟನಡುವೆ ಸೀಳುತ್ತದೆ. ಹಲಗೆಗೆ ಪಾಲಿಶ್ ಕೂಡ ಜೋಡಿಸುವ ಮೊದಲೇ ಆಗಬೇಕು. ಆಮೇಲೆ ಹಚ್ಚಿದರೆ ಬೇಸಿಗೆಯಲ್ಲಿ ಕುಗ್ಗಿದಾಗ ಅಂಚಿನಲ್ಲಿ ಬಣ್ಣವಿಲ್ಲದ ಗೆರೆ ಇಣುಕುತ್ತದೆ. ಕ್ಲ್ಯಾಂಪ್ ಬಿಗಿದ ಕೂಡಲೇ ಎರಡೂ ಕರ್ಣ ಅಳೆಯಬೇಕು. ಅಳತೆ ಒಂದೇ ಆಗದಿದ್ದರೆ, ಅಂಟು ಹಸಿಯಿರುವಾಗಲೇ ಉದ್ದವಾದ ಕರ್ಣದ ಕಡೆ ಒತ್ತಿ ಸರಿಪಡಿಸಬೇಕು.

ಬಾಗಿಲ ಸುತ್ತ 2 ಮಿ.ಮೀ. ಸಂದು ಸಾಕು. ಒಂದು ಮೀಟರಿಗಿಂತ ಎತ್ತರದ ಬಾಗಿಲಿಗೆ ಮೂರು ಬಿಜಾಗರಿ ಬೇಕು. ಮಳೆಗಾಲದಲ್ಲಿ ಬಾಗಿಲು ಹಿಡಿಯಿತೆಂದು ಕೂಡಲೇ ಕೀಸಲು ಹೋಗದೆ ಬಿಜಾಗರಿಯ ಸ್ಕ್ರೂ ಸಡಿಲಾಗಿದೆಯೇ ನೋಡಬೇಕು. ಬಿಗಿ ಮಾಡಿದರೂ ಉಜ್ಜುತ್ತಿದ್ದರೆ, ಉಜ್ಜಿದ ಗುರುತಿರುವಷ್ಟು ಅಂಚನ್ನೇ ಕೀಸಿ, ಅಲ್ಲಿಗೆ ಮತ್ತೆ ಪಾಲಿಶ್ ಹಚ್ಚಬೇಕು.