ಲಿಂಫೋಮ ಕಾಯಿಲೆ: ಅಪಾಯಕಾರಿ ಅಂಶಗಳು ಹಾಗೂ ಅವುಗಳನ್ನು ತಗ್ಗಿಸುವ ಕ್ರಮಗಳ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಕುತ್ತಿಗೆ, ಕಂಕುಳು, ತೊಡೆಸಂದು ಮುಂತಾದ ಭಾಗಗಳಲ್ಲಿರುವ ದುಗ್ಧರಸ ಗ್ರಂಥಿಗಳು ದೇಹವನ್ನು ಸೋಂಕಿನಿಂದ ಕಾಪಾಡುವ ವ್ಯವಸ್ಥೆಗೆ ಸೇರಿದವುಗಳಾಗಿರುತ್ತವೆ. ಈ ವ್ಯವಸ್ಥೆಯ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಹತೋಟಿ ಮೀರಿ ಬೆಳೆಯುವುದರಿಂದ ಉಂಟಾಗುವ ಕ್ಯಾನ್ಸರ್‌ಗೆ ಲಿಂಫೋಮ ಎಂದು ಹೆಸರು. 1832ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಹಾಡ್ಜ್‌ಕಿನ್ ಅವರು ವಿವರಿಸಿದ ಬಗೆಯನ್ನು ಹಾಡ್ಜ್‌ಕಿನ್ ಲಿಂಫೋಮ ಎಂದೂ, ಉಳಿದ ಹಲವಾರು ಬಗೆಗಳನ್ನು ಒಟ್ಟಾಗಿ ನಾನ್-ಹಾಡ್ಜ್‌ಕಿನ್ ಲಿಂಫೋಮ ಎಂದೂ ಕರೆಯಲಾಗುತ್ತದೆ. ಈ ಕಾಯಿಲೆಯು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಚಿಕಿತ್ಸಾ ನೆರವು ಕೋರುವ ಕುಟುಂಬಗಳನ್ನು ಕಾಡುವ ಪ್ರಶ್ನೆಯೊಂದಿದೆ: ಯಾವ ತಪ್ಪಿನಿಂದ ಈ ರೋಗ ಬಂದಿತು? ಬಹುತೇಕ ಪ್ರಕರಣಗಳಲ್ಲಿ ರೋಗಿಯ ಯಾವ ತಪ್ಪೂ ಇರುವುದಿಲ್ಲ. ನಾನ್-ಹಾಡ್ಜ್‌ಕಿನ್ ಬಗೆಯು ವಯಸ್ಸಾದಂತೆ ಹೆಚ್ಚಾಗುತ್ತದೆ. ಹಾಡ್ಜ್‌ಕಿನ್ ಬಗೆಯು ಯೌವನದಲ್ಲಿಯೂ ಮತ್ತೆ ಇಳಿವಯಸ್ಸಿನಲ್ಲಿಯೂ ಕಾಣಿಸಿಕೊಳ್ಳುತ್ತದೆ. ಒಟ್ಟಾರೆ ಪುರುಷರಲ್ಲಿ ತುಸು ಅಧಿಕ. ಒಡಹುಟ್ಟಿದವರಲ್ಲಿ ಅಥವಾ ತಂದೆ-ತಾಯಿಯಲ್ಲಿ ಈ ರೋಗವಿದ್ದಲ್ಲಿ ಅಪಾಯವು ಸ್ವಲ್ಪ ಏರುತ್ತದೆಯಾದರೂ, ಅಂಥವರಲ್ಲಿ ಹೆಚ್ಚಿನವರಿಗೆ ರೋಗ ಬರುವುದಿಲ್ಲ. ಇವು ಯಾವುವೂ ಮನುಷ್ಯನ ಕೈಯಲ್ಲಿಲ್ಲ. ಕೈಯಲ್ಲಿರುವ ಕೆಲವು ಅಂಶಗಳನ್ನು ಮುಂದೆ ವಿವರಿಸಲಾಗಿದೆ.

ಸೋಂಕುಗಳು

ಎಚ್.ಐ.ವಿ. ಸೋಂಕಿನಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ನಾನ್-ಹಾಡ್ಜ್‌ಕಿನ್ ಲಿಂಫೋಮದ ಸಂಭವವು ಗಣನೀಯವಾಗಿ ಹೆಚ್ಚು. ಎ.ಆರ್.ಟಿ. ಚಿಕಿತ್ಸೆಯನ್ನು ಬೇಗ ಆರಂಭಿಸಿ ತಪ್ಪದೆ ಮುಂದುವರಿಸಿದಲ್ಲಿ ಈ ಅಪಾಯವು ತಗ್ಗುತ್ತದೆ. 2017ರಿಂದ ಭಾರತದಲ್ಲಿ ಸಿ.ಡಿ.4 ಎಣಿಕೆ ಎಷ್ಟೇ ಇದ್ದರೂ ಸೋಂಕಿತರೆಲ್ಲರೂ ಈ ಚಿಕಿತ್ಸೆಗೆ ಅರ್ಹರಾಗಿರುತ್ತಾರೆ. ಪರೀಕ್ಷೆಯನ್ನು ಸರ್ಕಾರಿ ಆಸ್ಪತ್ರೆಗಳ ಐ.ಸಿ.ಟಿ.ಸಿ. ಕೇಂದ್ರಗಳಲ್ಲಿ ಉಚಿತವಾಗಿ ಮಾಡಲಾಗುತ್ತದೆ, ಫಲಿತಾಂಶವನ್ನು ಗೋಪ್ಯವಾಗಿಡಲಾಗುತ್ತದೆ.

ಹೆಪಟೈಟಿಸ್-ಸಿ ವೈರಾಣು ಯಕೃತ್ತಿಗೆ ಹಾನಿ ಮಾಡುವುದಲ್ಲದೆ ಕೆಲವು ಬಗೆಯ ಲಿಂಫೋಮಕ್ಕೂ ದಾರಿ ಮಾಡಿಕೊಡುತ್ತದೆ. ಇದು ರಕ್ತದ ಮೂಲಕ, ವಿಶೇಷವಾಗಿ ಒಬ್ಬರಿಗೆ ಬಳಸಿದ ಸೂಜಿ ಅಥವಾ ಸಿರಿಂಜನ್ನು ಮತ್ತೊಬ್ಬರಿಗೆ ಬಳಸುವುದರಿಂದ ಹರಡುತ್ತದೆ. ಹಚ್ಚೆಯ ಸೂಜಿ ಹಾಗೂ ಕ್ಷೌರದ ಬ್ಲೇಡ್ ಹೊಸದೇ ಎಂದು ಕೇಳಿ ಖಚಿತಪಡಿಸಿಕೊಳ್ಳಲು ಯಾರೂ ಸಂಕೋಚಪಡಬೇಕಾಗಿಲ್ಲ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಇದರ ಪರೀಕ್ಷೆ ಹಾಗೂ ಮಾತ್ರೆಗಳು ಉಚಿತ. ಸಾಮಾನ್ಯವಾಗಿ 12 ವಾರಗಳ ಮಾತ್ರೆಗಳಿಂದ ಬಹುತೇಕರು ಗುಣಹೊಂದುತ್ತಾರೆ.

ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಜಠರದಲ್ಲಿ ದೀರ್ಘಕಾಲ ನೆಲೆಸಿದಾಗ ಅಪರೂಪವಾಗಿ ಜಠರದ ಲಿಂಫೋಮ ಉಂಟಾಗಬಹುದು. ಆರಂಭದ ಹಂತದಲ್ಲಿ ಪತ್ತೆಯಾದ ಇಂತಹ ಗಡ್ಡೆಯು ಬ್ಯಾಕ್ಟೀರಿಯಾ ನಾಶಪಡಿಸುವ ಔಷಧಿಗಳಿಂದಲೇ ಅನೇಕ ರೋಗಿಗಳಲ್ಲಿ ಕರಗಿಹೋಗುತ್ತದೆ. ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಎಂದು ಅಂಗಡಿಯ ಮಾತ್ರೆ ನುಂಗುವವರು ಒಮ್ಮೆಯಾದರೂ ವೈದ್ಯರನ್ನು ಕಾಣುವುದು ಸೂಕ್ತ.

ಕೀಟನಾಶಕಗಳು

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಲಿಂಡೇನ್ ಕೀಟನಾಶಕವು ನಾನ್-ಹಾಡ್ಜ್‌ಕಿನ್ ಲಿಂಫೋಮಕ್ಕೆ ಕಾರಣವಾಗುತ್ತದೆ ಎಂದು ನಿರ್ಣಯಿಸಿತು. ಗಾಮಾ ಬಿ.ಎಚ್.ಸಿ. ಎಂದೂ ಹೆಸರಿದ್ದ ಇದರ ಕೃಷಿ ಬಳಕೆಯನ್ನು ಭಾರತದಲ್ಲಿ 2013ರಿಂದ ನಿಷೇಧಿಸಲಾಗಿದೆ. ಹಳೆಯ ದಾಸ್ತಾನು ಮನೆಯಲ್ಲಿ ಉಳಿದಿದ್ದಲ್ಲಿ ಬಳಸತಕ್ಕದ್ದಲ್ಲ, ಕೆರೆ-ಕಾಲುವೆಗೆ ಸುರಿಯತಕ್ಕದ್ದಲ್ಲ. ವಿಲೇವಾರಿಗೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸುವುದು. ಅದೇ ವರ್ಷ ಮೆಲಾಥಿಯಾನ್ ಹಾಗೂ ಗ್ಲೈಫೋಸೇಟ್‌ಗಳನ್ನು ಬಹುಶಃ ಕ್ಯಾನ್ಸರ್‌ಕಾರಕಗಳೆಂದು ವರ್ಗೀಕರಿಸಲಾಯಿತು. ಇವುಗಳ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಎಚ್ಚರಿಕೆಗೆ ಈ ಚರ್ಚೆ ಮುಗಿಯುವವರೆಗೆ ಕಾಯಬೇಕಿಲ್ಲ. ಔಷಧಿ ಹೊಡೆಯುವವರು ತುಂಬು ತೋಳಿನ ಅಂಗಿ, ಕೈಗವಸು ಧರಿಸಿ, ಗಾಳಿಗೆ ಎದುರಾಗಿ ಸಿಂಪಡಿಸದೆ, ಕೆಲಸ ಮುಗಿದ ಕೂಡಲೇ ಸ್ನಾನ ಮಾಡುವುದು. ಆ ಬಟ್ಟೆಗಳನ್ನು ಮನೆಯ ಇತರ ಬಟ್ಟೆಗಳೊಂದಿಗೆ ಒಗೆಯಬಾರದು.

ಇತರ ಅಂಶಗಳು

ಮೂತ್ರಪಿಂಡ ಮುಂತಾದ ಅಂಗಾಂಗ ಕಸಿ ಮಾಡಿಸಿಕೊಂಡವರು ಸೇವಿಸುವ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳಿಂದಲೂ ಅಪಾಯ ಹೆಚ್ಚುತ್ತದೆ. ಹಾಗೆಂದು ಅವುಗಳನ್ನು ಸ್ವಇಚ್ಛೆಯಿಂದ ನಿಲ್ಲಿಸಿದರೆ ಕಸಿ ಮಾಡಿದ ಅಂಗವೇ ನಷ್ಟವಾಗಬಹುದು. ನಿಗದಿತ ತಪಾಸಣೆಗೆ ತಪ್ಪದೆ ಹಾಜರಾಗುವುದೇ ಮಾರ್ಗ. ಧೂಮಪಾನಕ್ಕೆ ಹಾಡ್ಜ್‌ಕಿನ್ ಲಿಂಫೋಮದೊಂದಿಗೆ ಅಲ್ಪ ಪ್ರಮಾಣದ ಸಂಬಂಧ ಕಂಡುಬಂದಿದೆ. ಇನ್ನು ರೋಗನಿರೋಧಕ ಶಕ್ತಿ ವೃದ್ಧಿಯ ಹೆಸರಿನಲ್ಲಿ ಮಾರಾಟವಾಗುವ ಪುಡಿ, ಕಷಾಯಗಳಿಂದ ಲಿಂಫೋಮ ತಡೆಯಲ್ಪಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅದಕ್ಕೆ ವ್ಯಯಿಸುವ ಹಣವನ್ನು ತಪಾಸಣೆಗೆ ಹೋಗಿಬರುವ ಬಸ್ ಚಾರ್ಜಿಗೆ ಉಳಿಸಿಕೊಳ್ಳುವುದು ಲೇಸು.

ಎಲ್ಲ ಗಂಟೂ ಕ್ಷಯವಲ್ಲ

ನಮ್ಮಲ್ಲಿ ಕುತ್ತಿಗೆಯ ಗಂಟಿಗೆ ಕ್ಷಯರೋಗವು ಸಾಮಾನ್ಯ ಕಾರಣ. ಹಿಂದಿನವರು ಇದನ್ನು ಗಂಡಮಾಲೆ ಎನ್ನುತ್ತಿದ್ದರು. ಜ್ವರ, ರಾತ್ರಿ ಬೆವರುವಿಕೆ, ತೂಕ ಇಳಿಕೆ ಎರಡೂ ಕಾಯಿಲೆಗಳಲ್ಲಿ ಇರುತ್ತವೆ. ಆದ್ದರಿಂದ ಅಂಗಾಂಶ ಪರೀಕ್ಷೆಯಿಲ್ಲದೆ ಕ್ಷಯದ ಮಾತ್ರೆ ಆರಂಭಿಸಿ, ಗುಣ ಕಾಣದೆ ತಿಂಗಳುಗಳು ಕಳೆದ ನಂತರ ಲಿಂಫೋಮ ಪತ್ತೆಯಾಗುವ ಪ್ರಕರಣಗಳಿವೆ. ನೋವಿಲ್ಲವೆಂಬ ಕಾರಣಕ್ಕೆ ಗಂಟನ್ನು ಅಲಕ್ಷಿಸಬಾರದು. ಲಿಂಫೋಮದ ಗಂಟು ಸಾಮಾನ್ಯವಾಗಿ ನೋಯುವುದೇ ಇಲ್ಲ. ನಾಲ್ಕು ವಾರಗಳಾದರೂ ಕರಗದ ಅಥವಾ ಬೆಳೆಯುತ್ತಿರುವ ಗಂಟನ್ನು ವೈದ್ಯರಿಗೆ ತೋರಿಸತಕ್ಕದ್ದು. ಸೂಜಿ ಚುಚ್ಚಿ ಮಾಡುವ ಪರೀಕ್ಷೆಯಿಂದ ಸ್ಪಷ್ಟವಾಗದಿದ್ದಲ್ಲಿ ಗ್ರಂಥಿಯನ್ನೇ ತೆಗೆದು ಬಯಾಪ್ಸಿ ಮಾಡಬೇಕಾಗುತ್ತದೆ. ಅದಕ್ಕೂ ಮೊದಲು ಸ್ಟೀರಾಯ್ಡ್ ಮಾತ್ರೆ ಸೇವಿಸಿದರೆ ಗಂಟು ತಾತ್ಕಾಲಿಕವಾಗಿ ಇಳಿದು ರೋಗದ ಗುರುತು ಮರೆಯಾಗುವ ಸಂಭವವಿದೆ.

ಚಿಕಿತ್ಸೆ ಹಾಗೂ ನೆರವು

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ರಾಜ್ಯ ಸರ್ಕಾರದ ಪ್ರಮುಖ ಕ್ಯಾನ್ಸರ್ ಚಿಕಿತ್ಸಾ ಕೇಂದ್ರವಾಗಿರುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದ್ದು, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ವಾರ್ಷಿಕ ರೂ. 1.5 ಲಕ್ಷದ ಮಿತಿಯೊಳಗೆ ಭರಿಸಲಾಗುತ್ತದೆ. ಆಧಾರ್ ಹಾಗೂ ಪಡಿತರ ಚೀಟಿ ಕಡ್ಡಾಯವಾಗಿ ಜೊತೆಯಲ್ಲಿರಬೇಕು. ಖಾಸಗಿ ಆಸ್ಪತ್ರೆಗೆ ಹೋಗಬಯಸುವವರು, ತುರ್ತು ಸಂದರ್ಭವನ್ನು ಹೊರತುಪಡಿಸಿ, ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಪಡೆಯುವುದು. ಬಯಾಪ್ಸಿ ವರದಿಯ ಮೂಲ ಪ್ರತಿಯನ್ನು ಯಾರಿಗೂ ಬಿಟ್ಟುಕೊಡದೆ ಜೆರಾಕ್ಸ್ ಮಾತ್ರ ನೀಡುವುದು. ಆಸ್ಪತ್ರೆ ಬದಲಿಸುವಾಗ ಪ್ರಯೋಗಾಲಯದಿಂದ ಸ್ಲೈಡ್ ಹಾಗೂ ಮೇಣದ ಬ್ಲಾಕ್‌ಗಳನ್ನೂ ಕೇಳಿ ಪಡೆದಲ್ಲಿ ಎರಡನೆಯ ಬಾರಿ ಗ್ರಂಥಿ ತೆಗೆಸಿಕೊಳ್ಳುವ ತೊಂದರೆ ಸಾಮಾನ್ಯವಾಗಿ ತಪ್ಪುತ್ತದೆ.