ದೀರ್ಘಕಾಲೀನ ಶ್ವಾಸಕೋಶ ರೋಗಿಗಳಲ್ಲಿ ಸ್ನಾಯು, ಮೂಳೆ ಮತ್ತು ರಕ್ತನಾಳಗಳ ಆರೋಗ್ಯ

ಬೀಡಿ, ಸಿಗರೇಟು, ಸೌದೆ ಒಲೆಯ ಹೊಗೆ ಹಾಗೂ ಧೂಳಿನಿಂದ ಉಂಟಾಗುವ ದೀರ್ಘಕಾಲೀನ ಶ್ವಾಸಕೋಶ ಅಡಚಣೆ ರೋಗವು (ಸಿ.ಓ.ಪಿ.ಡಿ.) ಕೇವಲ ಉಸಿರಾಟಕ್ಕೆ ಸೀಮಿತವಾದುದಲ್ಲ. ಅನೇಕ ರೋಗಿಗಳಲ್ಲಿ ಸ್ನಾಯುಗಳು ಕ್ಷೀಣಿಸುತ್ತವೆ, ಮೂಳೆಗಳು ದುರ್ಬಲಗೊಳ್ಳುತ್ತವೆ ಮತ್ತು ಅಪಧಮನಿಗಳು ಪೆಡಸಾಗುತ್ತವೆ. ಆರಂಭದಲ್ಲಿ ಇವು ರೋಗಿಯ ಗಮನಕ್ಕೆ ಬಾರದಿರುವುದರಿಂದ ಸಕಾಲಿಕ ತಪಾಸಣೆ ಅವಶ್ಯಕವಾಗಿದೆ.

ಸ್ನಾಯು ಮತ್ತು ದೇಹದ ತೂಕ
ತೂಕದ ಯಂತ್ರವು ದೇಹದ ಒಟ್ಟು ತೂಕವನ್ನು ಮಾತ್ರ ತೋರಿಸುತ್ತದೆ. ಸ್ನಾಯು ಕರಗಿ ಕೊಬ್ಬು ಉಳಿದಿದ್ದಲ್ಲಿ ತೂಕವು ಸರಿಯಾಗಿಯೇ ಕಾಣಬಹುದು. ತೊಡೆಗಳು ತೆಳುವಾಗುವುದು, ಕೈಯೂರದೆ ಕುರ್ಚಿಯಿಂದ ಏಳಲಾಗದಿರುವುದು ಇದರ ಸೂಚನೆಗಳು. ರೋಗದ ತೀವ್ರತೆಯನ್ನು ಅಳೆಯಲು 2004ರಲ್ಲಿ ಪ್ರಕಟವಾದ ‘ಬೋಡ್’ ಸೂಚ್ಯಂಕದಲ್ಲಿ, ದೇಹತೂಕ ಸೂಚ್ಯಂಕವು (ಬಿ.ಎಂ.ಐ.) 21 ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಅಪಾಯದ ಅಂಶವೆಂದು ಪರಿಗಣಿಸಲಾಗಿದೆ.

ಮೂಳೆ
ಧೂಮಪಾನ, ಚಟುವಟಿಕೆಯ ಕೊರತೆ, ವಿಟಮಿನ್ ಡಿ ಕೊರತೆ ಹಾಗೂ ಪದೇ ಪದೇ ಸೇವಿಸುವ ಸ್ಟೀರಾಯ್ಡ್ ಮಾತ್ರೆಗಳು ಮೂಳೆ ಸವೆತಕ್ಕೆ ಕಾರಣಗಳಾಗಿವೆ. ಬೆನ್ನುಮೂಳೆ ಕುಸಿದಲ್ಲಿ ಬೆನ್ನು ಬಾಗಿ, ಶ್ವಾಸಕೋಶವು ಹಿಗ್ಗಲು ಸ್ಥಳ ಕಡಿಮೆಯಾಗಿ ಉಬ್ಬಸ ಹೆಚ್ಚುತ್ತದೆ. ಡೆಕ್ಸಾ ಎಂಬ ಕ್ಷ-ಕಿರಣ ಪರೀಕ್ಷೆಯಿಂದ ಮೂಳೆಯ ಸಾಂದ್ರತೆಯನ್ನು ಅಳೆಯಲಾಗುತ್ತದೆ. ಟಿ-ಅಂಕವು -2.5 ಅಥವಾ ಅದಕ್ಕಿಂತ ಕಡಿಮೆ ಇದ್ದಲ್ಲಿ ಅದನ್ನು ಆಸ್ಟಿಯೋಪೊರೋಸಿಸ್ ಎಂದು ಪರಿಗಣಿಸಲಾಗುತ್ತದೆ.

ಅಪಧಮನಿ
ಪೆಡಸಾದ ಅಪಧಮನಿಗಳಿಂದ ಹೃದಯದ ಮೇಲೆ ಹೊರೆ ಹೆಚ್ಚಿ, ಹೃದಯಾಘಾತ ಹಾಗೂ ಪಾರ್ಶ್ವವಾಯುವಿನ ಸಂಭವ ಅಧಿಕವಾಗುತ್ತದೆ. ಸಿ.ಓ.ಪಿ.ಡಿ. ರೋಗಿಗಳಲ್ಲಿ ಅಪಧಮನಿಯ ಪೆಡಸುತನಕ್ಕೂ ಮೂಳೆ ಸವೆತಕ್ಕೂ ಸಂಬಂಧವಿರುವುದನ್ನು ಬ್ರಿಟನ್ನಿನ ಕಾರ್ಡಿಫ್ ನಗರದ ಸಂಶೋಧಕರು 2007ರಲ್ಲಿ ವರದಿ ಮಾಡಿದ್ದಾರೆ. ಆದ್ದರಿಂದ ಒಂದು ತೊಂದರೆ ಕಂಡುಬಂದಲ್ಲಿ ಮತ್ತೊಂದನ್ನೂ ಪರೀಕ್ಷಿಸಿಕೊಳ್ಳುವುದು ಸೂಕ್ತ.

ರೋಗಿಗಳು ಅನುಸರಿಸಬೇಕಾದ ಕ್ರಮಗಳು
1. ಧೂಮಪಾನವನ್ನು ಸಂಪೂರ್ಣವಾಗಿ ತ್ಯಜಿಸುವುದು. ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ: 1800-112-356 (ಉಚಿತ).
2. ವೈದ್ಯರ ಸಲಹೆಯಂತೆ ಪ್ರತಿದಿನ ನಡಿಗೆ ಹಾಗೂ ಕೈಕಾಲುಗಳ ವ್ಯಾಯಾಮ ಮಾಡುವುದು.
3. ಬೇಳೆಕಾಳು, ಹಾಲು, ಮೊಟ್ಟೆ, ಮೀನು ಹಾಗೂ ರಾಗಿಯನ್ನು ಸೇವಿಸುವುದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ.
4. ರಕ್ತದೊತ್ತಡ, ರಕ್ತದ ಸಕ್ಕರೆ ಹಾಗೂ ಕೊಲೆಸ್ಟ್ರಾಲ್ ಪರೀಕ್ಷೆಗಳನ್ನು ನಿಯಮಿತವಾಗಿ ಮಾಡಿಸಿಕೊಳ್ಳುವುದು.
5. ಸ್ಟೀರಾಯ್ಡ್ ಮಾತ್ರೆ ಅಥವಾ ಇನ್ಹೇಲರನ್ನು ಸ್ವಇಚ್ಛೆಯಿಂದ ನಿಲ್ಲಿಸದಿರುವುದು.

ತಪಾಸಣೆಗೆ ಸಂಪರ್ಕ
ಸಾರ್ವಜನಿಕರು ಮೊದಲಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಅಥವಾ ಜಿಲ್ಲಾ ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್ಕನ್ನು ಸಂಪರ್ಕಿಸಬಹುದಾಗಿದೆ. ಡೆಕ್ಸಾ ಪರೀಕ್ಷೆ ಅಗತ್ಯವೆಂದು ಕಂಡುಬಂದಲ್ಲಿ, ಆ ಸೌಲಭ್ಯವಿರುವ ಆಸ್ಪತ್ರೆಗೆ ಶಿಫಾರಸು ಪತ್ರವನ್ನು ಕೋರಬಹುದು. ಭೇಟಿಯ ವೇಳೆ ಆಧಾರ್ ಕಾರ್ಡ್, ಪಡಿತರ ಚೀಟಿ, ಹಿಂದಿನ ಚಿಕಿತ್ಸೆಯ ದಾಖಲೆಗಳು ಹಾಗೂ ಸೇವಿಸುತ್ತಿರುವ ಔಷಧಿಗಳ ಪಟ್ಟಿಯನ್ನು ತರುವುದು.